ಗರಿಷ್ಠಗಳ ಮೊತ್ತ: ಎಫ್‌ಬಾರ್ ಲೆಕ್ಕ, ಒಆರ್‌ಎಂ ಮತ್ತು ಇಪ್ಪತ್ತನಾಲ್ಕು ಸಲ ಎಣಿಸಿದ ಬಡ್ಡಿ

ಊರಿನಲ್ಲಿ ಬ್ಯಾಂಕ್ ಖಾತೆ ಇಟ್ಟುಕೊಂಡು ಇಲ್ಲಿ ತೆರಿಗೆ ಕಟ್ಟುವ ನಮ್ಮಂಥವರಿಗೆ ಪ್ರತಿ ವರ್ಷ ಎರಡು ಸಂಖ್ಯೆಗಳು ಬೇಕಾಗುತ್ತವೆ. ಒಂದು, ಭಾರತದ ಖಾತೆಗಳಲ್ಲಿ ಆ ವರ್ಷ ಇದ್ದ ಗರಿಷ್ಠ ಹಣ. ಇನ್ನೊಂದು, ಆ ಖಾತೆಗಳಿಗೆ ಬಂದ ಬಡ್ಡಿ. ಮೊದಲನೆಯದು ಎಫ್‌ಬಾರ್ ಎಂಬ ವರದಿಗೆ, ಎರಡನೆಯದು ಆದಾಯ ತೆರಿಗೆಯ ಶೆಡ್ಯೂಲ್ ಬಿಗೆ. ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲದಿದ್ದರೂ ಅಮೆರಿಕದಲ್ಲಿ ಇದೆ ಎಂಬುದನ್ನು ಈ ಬ್ಲಾಗಿನ ಓದುಗರಿಗೆ ಮತ್ತೆ ಹೇಳಬೇಕಿಲ್ಲ.

ಲಾಸ್ ಆಲ್ಟೋಸ್, ಮೌಂಟನ್ ವ್ಯೂ, ಕ್ಯುಪರ್ಟಿನೋ ಕಡೆಯ ಕನ್ನಡ ಮನೆಗಳಲ್ಲಿ ಈ ಲೆಕ್ಕವನ್ನು ಸ್ಪ್ರೆಡ್‌ಶೀಟಿನಲ್ಲಿ ಇಡುವವರು ಹೆಚ್ಚು. ಆದರೆ ಇದು ಸಾಫ್ಟ್‌ವೇರ್ ಊರು. ಮನೆಯಲ್ಲಿ ಒಬ್ಬರಾದರೂ ಪೈಥಾನ್ ಬಲ್ಲವರು ಇರುತ್ತಾರೆ, ಒಂದು ವಾರಾಂತ್ಯದಲ್ಲಿ ಜ್ಯಾಂಗೋ ಬಳಸಿ ಸ್ವಂತ ಲೆಕ್ಕದ ಆ್ಯಪ್ ಕಟ್ಟಿಬಿಡುತ್ತಾರೆ. ಅಂಥ ಆ್ಯಪ್‌ಗಳಲ್ಲಿ ಕೂತಿರುವ ಒಂದು ದೋಷದ ಬಗ್ಗೆ ಈ ಲೇಖನ. ಅದು ಎರರ್ ಕೊಡುವುದಿಲ್ಲ, ನಿಲ್ಲುವುದಿಲ್ಲ, ಸುಮ್ಮನೆ ತಪ್ಪು ಮೊತ್ತ ಕೊಡುತ್ತದೆ. ಆ ಮೊತ್ತವನ್ನು ನಂಬಿ ನಾವು ಸರ್ಕಾರಕ್ಕೆ ಸಹಿ ಹಾಕಿ ಕೊಡುತ್ತೇವೆ.

ಎಫ್‌ಬಾರ್ ಕೇಳುವುದೇನು

1970ರ ಬ್ಯಾಂಕ್ ಸೀಕ್ರೆಸಿ ಆ್ಯಕ್ಟ್‌ನಿಂದ ಬಂದ ವರದಿ ಇದು. ಈಗ ಇದರ ಹೆಸರು ಫಿನ್‌ಸೆನ್ ಫಾರ್ಮ್ 114. ವರ್ಷದ ಯಾವುದೇ ಸಮಯದಲ್ಲಿ ನಿಮ್ಮ ವಿದೇಶಿ ಖಾತೆಗಳ ಒಟ್ಟು ಮೌಲ್ಯ 10,000 ಡಾಲರ್ ದಾಟಿದರೆ ಸಲ್ಲಿಸಬೇಕು. ತೆರಿಗೆ ರಿಟರ್ನ್ ಜೊತೆ ಅಲ್ಲ, ಬೇರೆಯಾಗಿ, ಆನ್‌ಲೈನ್‌ನಲ್ಲಿ. ಗಡುವು ಏಪ್ರಿಲ್ 15, ಅರ್ಜಿ ಹಾಕದೆಯೇ ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ. ಒಮ್ಮೆ ಮಿತಿ ದಾಟಿದರೆ ಸಣ್ಣ ಖಾತೆಗಳೂ ಸೇರಿ ಎಲ್ಲವನ್ನೂ ತೋರಿಸಬೇಕು. ಎಫ್‌ಡಿಯೂ ಖಾತೆಯೇ. ಊರಿನಲ್ಲಿರುವ ಅಮ್ಮನ ಉಳಿತಾಯ ಖಾತೆಗೆ ಅನುಕೂಲಕ್ಕೆಂದು ನಿಮ್ಮ ಹೆಸರು ಸೇರಿಸಿದ್ದು, ಸಹಿ ಮಾಡುವ ಅಧಿಕಾರ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಲೆಕ್ಕ ಹಾಕುವ ಕ್ರಮ ಹೀಗೆ: ಪ್ರತಿ ಖಾತೆಯಲ್ಲಿ ವರ್ಷದೊಳಗೆ ಇದ್ದ ಗರಿಷ್ಠ ಹಣವನ್ನು ಪ್ರತ್ಯೇಕವಾಗಿ ಕಂಡುಕೊಳ್ಳಿ. ಡಿಸೆಂಬರ್ 31ರ ಟ್ರೆಷರಿ ದರದಲ್ಲಿ ಡಾಲರಿಗೆ ಬದಲಿಸಿ. ತೆರಿಗೆ ಸಲಹೆಗಾರರು ಸಾಮಾನ್ಯವಾಗಿ ಈ ಗರಿಷ್ಠಗಳನ್ನು ಕೂಡಿಸಿ ಮಿತಿಯನ್ನು ನೋಡುತ್ತಾರೆ. ಅಂದರೆ ನಮಗೆ ಬೇಕಾದದ್ದು ಗರಿಷ್ಠಗಳ ಮೊತ್ತ. ಒಳಗೊಂದು ಲೆಕ್ಕ, ಖಾತೆಗೊಂದು ಗರಿಷ್ಠ. ಅದರ ಹೊರಗೆ ಇನ್ನೊಂದು ಲೆಕ್ಕ, ಆ ಗರಿಷ್ಠಗಳ ಮೊತ್ತ. ಡೇಟಾಬೇಸ್ ಭಾಷೆಯಲ್ಲಿ ಇದಕ್ಕೆ ನೆಸ್ಟೆಡ್ ಅಗ್ರಿಗೇಶನ್ ಎನ್ನುತ್ತಾರೆ.

ಒಂದು ಮನೆ, ಮೂರು ಖಾತೆ

ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಲಾಸ್ ಆಲ್ಟೋಸ್‌ನ ಒಂದು ದಂಪತಿ. ಹೆಂಡತಿಯ ಹೆಸರಿನಲ್ಲಿ ಮೈಸೂರಿನಲ್ಲಿ ಮೂರು ಖಾತೆಗಳಿವೆ. ಅದರಲ್ಲಿ ಒಂದು ಗಂಡನ ಜೊತೆ ಜಾಯಿಂಟ್.

1. ಎನ್‌ಆರ್‌ಇ ಎಫ್‌ಡಿ, ಜಾಯಿಂಟ್. ವರ್ಷವಿಡೀ 4,00,000 ರೂ. ಬಡ್ಡಿ ಮೂರು ತಿಂಗಳಿಗೊಮ್ಮೆ 7,000 ರೂ, ನಾಲ್ಕು ಸಲ, ಒಟ್ಟು 28,000.
2. ಎನ್‌ಆರ್‌ಒ ಉಳಿತಾಯ ಖಾತೆ, ಹೆಂಡತಿಯದೊಂದೇ ಹೆಸರು. ಗರಿಷ್ಠ 2,50,000 ರೂ. ಬಡ್ಡಿ 1,500 ರೂ ನಾಲ್ಕು ಸಲ, ಒಟ್ಟು 6,000.
3. ಎನ್‌ಆರ್‌ಇ ಎಫ್‌ಡಿ, ಹೆಂಡತಿಯದೊಂದೇ ಹೆಸರು, ಜುಲೈನಲ್ಲಿ ತೆರೆದದ್ದು. 4,00,000 ರೂ. ಬಡ್ಡಿ 7,000 ರೂ ಎರಡು ಸಲ, ಒಟ್ಟು 14,000.

ಗರಿಷ್ಠಗಳ ಮೊತ್ತ 10,50,000 ರೂ. ಲೆಕ್ಕ ಸುಲಭವಾಗಲೆಂದು ಡಾಲರಿಗೆ 84 ರೂ ಎಂದುಕೊಂಡರೆ 12,500 ಡಾಲರ್. ಮಿತಿ ದಾಟಿತು, ಹೆಂಡತಿ ಎಫ್‌ಬಾರ್ ಸಲ್ಲಿಸಬೇಕು. ಒಟ್ಟು ಬಡ್ಡಿ 48,000 ರೂ. ಕೈಯಲ್ಲಿ ಮಾಡಿದರೆ ಎರಡು ನಿಮಿಷದ ಕೆಲಸ. ಮುಂದಿನ ಸಾಲುಗಳಲ್ಲಿ 10,50,000 ಮತ್ತು 48,000 ಎಂಬ ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ.

ಆ್ಯಪ್‌ನಲ್ಲಿ ನಾಲ್ಕು ಟೇಬಲ್‌ಗಳಿವೆ: ಖಾತೆ, ಶಿಲ್ಕು (ಪ್ರತಿ ತಿಂಗಳ ಕೊನೆಯ ಬ್ಯಾಲೆನ್ಸ್), ಬಡ್ಡಿ (ಬಂದ ಪ್ರತಿ ಬಡ್ಡಿಗೆ ಒಂದು ಸಾಲು), ಒಡೆತನ (ಯಾವ ಖಾತೆ ಯಾರ ಹೆಸರಿನಲ್ಲಿದೆ). ಮೊದಲ ಎರಡು ಖಾತೆಗಳಿಗೆ ಹನ್ನೆರಡು ಶಿಲ್ಕು ಸಾಲುಗಳು, ಮೂರನೆಯದಕ್ಕೆ ಆರು.

ಒಆರ್‌ಎಂ ಏನು ಮಾಡುತ್ತದೆ

ಆಬ್ಜೆಕ್ಟ್-ರಿಲೇಶನಲ್ ಮ್ಯಾಪರ್, ಅಂದರೆ ಒಆರ್‌ಎಂ, ಒಬ್ಬ ದುಭಾಷಿ. ನಾವು ಪೈಥಾನ್‌ನಲ್ಲಿ ಖಾತೆ, ಬಡ್ಡಿ ಎಂದು ವಸ್ತುಗಳ ಮಾತಾಡುತ್ತೇವೆ, ಅದು ಡೇಟಾಬೇಸಿಗೆ ಎಸ್‌ಕ್ಯೂಎಲ್‌ನಲ್ಲಿ ಟೇಬಲ್‌ಗಳ ಮಾತಾಡುತ್ತದೆ. ಟೇಬಲ್‌ಗಳ ಈ ಲೋಕ ಹುಟ್ಟಿದ್ದೂ ನಮ್ಮ ಪಕ್ಕದಲ್ಲೇ. ಸ್ಯಾನ್ ಹೊಸೆಯ ಐಬಿಎಂ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ರಿಲೇಶನಲ್ ಮಾದರಿಯ ಪ್ರಬಂಧ ಪ್ರಕಟಿಸಿದ್ದು 1970ರಲ್ಲಿ, ಬ್ಯಾಂಕ್ ಸೀಕ್ರೆಸಿ ಆ್ಯಕ್ಟ್ ಬಂದ ವರ್ಷವೇ.

ಹೆಚ್ಚಿನವರು ಮೊದಲು ಬರೆಯುವ ಕ್ವೆರಿಯ ಅಸ್ಥಿಪಂಜರ ಹೀಗಿರುತ್ತದೆ:

ಖಾತೆ, ಒಡೆತನ ಇವರಿಬ್ಬರಲ್ಲಿ ಯಾರದಾದರೂ ಆಗಿರುವಂಥವು
ಆ್ಯನೊಟೇಟ್: ಗರಿಷ್ಠ = ಮ್ಯಾಕ್ಸ್ (ಶಿಲ್ಕಿನ ಮೊತ್ತ)
ಆ್ಯನೊಟೇಟ್: ಬಡ್ಡಿ = ಸಮ್ (ಬಡ್ಡಿಯ ಮೊತ್ತ)
ಕೊನೆಗೆ ಅಗ್ರಿಗೇಟ್: ಗರಿಷ್ಠಗಳ ಸಮ್, ಬಡ್ಡಿಗಳ ಸಮ್

ಓದಿದರೆ ಎಲ್ಲ ಸರಿ ಎನಿಸುತ್ತದೆ. ಉತ್ತರ ಬರುವುದು ಹೀಗೆ: ಗರಿಷ್ಠಗಳ ಮೊತ್ತ 10,50,000 ರೂ, ಬಡ್ಡಿ 8,28,000 ರೂ.

ಮೊದಲನೆಯದು ಸರಿ, ಎರಡನೆಯದು ಹದಿನೇಳು ಪಟ್ಟಿಗಿಂತ ಹೆಚ್ಚು. ಈ ದೋಷದ ಕೆಟ್ಟ ಗುಣವೇ ಇದು. ಒಂದು ಸಂಖ್ಯೆ ಬ್ಯಾಂಕಿನ ಸ್ಟೇಟ್‌ಮೆಂಟಿಗೆ ತಾಳೆಯಾಗುವುದರಿಂದ ಪಕ್ಕದ ಸಂಖ್ಯೆಯನ್ನೂ ನಂಬಿಬಿಡುತ್ತೇವೆ. ಇಲ್ಲಿ ವ್ಯತ್ಯಾಸ ದೊಡ್ಡದು, ಕಣ್ಣಿಗೆ ಬೀಳಬಹುದು. ನಲವತ್ತು ಖಾತೆಗಳ ನಡುವೆ ಒಂದೆರಡು ಖಾತೆಗೆ ಮಾತ್ರ ಹೀಗಾದರೆ ಬೀಳುವುದಿಲ್ಲ.

ಮುಯ್ಯಿ ಪುಸ್ತಕದ ಲೆಕ್ಕ

ಕಾರಣ ತಿಳಿಯಲು ಕಂಪ್ಯೂಟರ್ ಬೇಡ, ಮದುವೆ ಮನೆ ಸಾಕು. ಒಂದು ಪುಸ್ತಕದಲ್ಲಿ ಮುಯ್ಯಿ ಬರೆದಿದ್ದಾರೆ, ಇನ್ನೊಂದರಲ್ಲಿ ಊಟಕ್ಕೆ ಕೂತವರ ಹೆಸರು. ಒಂದು ಮನೆಯಿಂದ ನಾಲ್ವರು ಬಂದು ಉಂಡರು. ಅಜ್ಜ 501 ರೂ, ಮಗ 1,001 ರೂ ಮುಯ್ಯಿ ಬರೆಸಿದರು. ಈಗ ಯಾರೋ ಮನೆಯ ಹೆಸರು ಹಿಡಿದು ಎರಡೂ ಪುಸ್ತಕಗಳನ್ನು ಒಂದೇ ಪಟ್ಟಿ ಮಾಡಿದರು ಎಂದುಕೊಳ್ಳಿ. ಉಂಡ ಪ್ರತಿಯೊಬ್ಬರ ಎದುರೂ ಎರಡು ಮುಯ್ಯಿಗಳು ಬಂದು ಪಟ್ಟಿಯಲ್ಲಿ ಎಂಟು ಸಾಲಾಗುತ್ತದೆ. ಆ ಪಟ್ಟಿಯಲ್ಲಿ ಮುಯ್ಯಿ ಕೂಡಿಸಿದರೆ 1,502ರ ಬದಲು 6,008 ರೂ. ತಲೆ ಎಣಿಸಿದರೆ ನಾಲ್ಕರ ಬದಲು ಎಂಟು. ಆದರೆ ಅತಿ ಹೆಚ್ಚು ಮುಯ್ಯಿ ಎಷ್ಟು ಎಂದು ಕೇಳಿದರೆ 1,001, ಸರಿಯಾದ ಉತ್ತರ. ಒಂದೇ ಸಂಖ್ಯೆಯನ್ನು ಎಷ್ಟು ಸಲ ಬರೆದರೂ ಗರಿಷ್ಠ ಬದಲಾಗುವುದಿಲ್ಲ.

ಎಸ್‌ಕ್ಯೂಎಲ್‌ನ ಜಾಯಿನ್ ಮಾಡುವುದು ಇದನ್ನೇ. ಮೊದಲ ಖಾತೆಗೆ 12 ಶಿಲ್ಕು ಸಾಲು, 4 ಬಡ್ಡಿ ಸಾಲು, 2 ಒಡೆಯರು. ಮೂರನ್ನೂ ಜೋಡಿಸಿದರೆ 96 ಸಾಲು. ಪ್ರತಿ ಬಡ್ಡಿಯೂ ಇಪ್ಪತ್ತನಾಲ್ಕು ಸಲ ಎಣಿಕೆಯಾಗಿ 28,000 ಹೋಗಿ 6,72,000 ಆಗುತ್ತದೆ. ಎರಡನೆಯ ಖಾತೆಯ 6,000 ಹನ್ನೆರಡು ಪಟ್ಟಾಗಿ 72,000. ಮೂರನೆಯದರ 14,000 ಆರು ಪಟ್ಟಾಗಿ 84,000. ಒಟ್ಟು 8,28,000.

ಇದು ಗುಟ್ಟಾದ ದೋಷವೂ ಅಲ್ಲ. ಜ್ಯಾಂಗೋದ ಅಧಿಕೃತ ಕೈಪಿಡಿಯೇ ಎಚ್ಚರಿಸುತ್ತದೆ: ಒಂದಕ್ಕಿಂತ ಹೆಚ್ಚು ಆ್ಯನೊಟೇಶನ್ ಸೇರಿಸಿದರೆ ತಪ್ಪು ಉತ್ತರ ಬರಬಹುದು, ಏಕೆಂದರೆ ಒಳಗೆ ಸಬ್‌ಕ್ವೆರಿ ಬದಲು ಜಾಯಿನ್ ಬಳಸಲಾಗುತ್ತದೆ. ಅಲ್ಲಿಯ ಉದಾಹರಣೆಯಲ್ಲಿ ಇಬ್ಬರು ಲೇಖಕರು, ಮೂರು ಅಂಗಡಿಗಳಿರುವ ಪುಸ್ತಕಕ್ಕೆ ಲೇಖಕರ ಸಂಖ್ಯೆ ಆರು ಎಂದು ಬರುತ್ತದೆ. ಅಗ್ರಿಗೇಶನ್ ಸೌಲಭ್ಯ ಜ್ಯಾಂಗೋಗೆ ಬಂದದ್ದು 2009ರಲ್ಲಿ. ಈ ತೊಂದರೆಯ ದೂರು, 10060ನೇ ಟಿಕೆಟ್, ದಾಖಲಾದದ್ದೂ ಅದೇ ವರ್ಷ.

ಡಿಸ್ಟಿಂಕ್ಟ್ ಎಂಬ ಅರೆಬರೆ ಮದ್ದು

ಸಾಲುಗಳು ಪುನರಾವರ್ತನೆ ಆಗುತ್ತಿವೆ ಎಂದು ಗೊತ್ತಾದ ಕೂಡಲೇ ಕೈ ಹೋಗುವುದು ಡಿಸ್ಟಿಂಕ್ಟ್ ಕಡೆಗೆ. ಎಣಿಕೆಗೆ, ಅಂದರೆ ಕೌಂಟ್‌ಗೆ, ಅದು ಕೆಲಸ ಮಾಡುತ್ತದೆ. ಪ್ರತಿ ಸಾಲಿಗೂ ತನ್ನದೇ ಗುರುತಿನ ಸಂಖ್ಯೆ ಇರುವುದರಿಂದ ಒಂದನ್ನು ಒಂದೇ ಸಲ ಎಣಿಸಬಹುದು. ಜ್ಯಾಂಗೋ 3.0ರಿಂದ ಸಮ್‌ಗೂ ಡಿಸ್ಟಿಂಕ್ಟ್ ಕೊಡಬಹುದು. ಆದರೆ ಅದು ನೋಡುವುದು ಮೊತ್ತವನ್ನು, ಸಾಲನ್ನಲ್ಲ. ಒಂದೇ ಮೊತ್ತದ ಎರಡು ಬೇರೆ ವ್ಯವಹಾರಗಳಿದ್ದರೆ ಒಂದನ್ನು ಎಸೆದುಬಿಡುತ್ತದೆ.

ನಮ್ಮ ಉದಾಹರಣೆಗೆ ಹಾಕಿ ನೋಡಿ. ಮೊದಲ ಎಫ್‌ಡಿಗೆ ನಾಲ್ಕು ಸಲ ಬಂದ 7,000 ಒಂದೇ ಸಲ ಬಂದಂತೆ. ಉಳಿತಾಯ ಖಾತೆಗೆ 1,500 ಮಾತ್ರ. ಮೂರನೆಯದಕ್ಕೆ 7,000. ಒಟ್ಟು ಬಡ್ಡಿ 15,500 ರೂ. ನಿಜ 48,000. ಈಗ ದೋಷ ದಿಕ್ಕು ಬದಲಿಸಿದೆ, ಆದಾಯ ಕಡಿಮೆ ತೋರಿಸುತ್ತಿದೆ.

ಗರಿಷ್ಠಗಳಿಗೆ ಇದೇ ಮದ್ದು ಹಾಕಿದರೆ ಇನ್ನೂ ಅಪಾಯ. ವರದಿಯನ್ನು ಖಾತೆ ಮತ್ತು ಒಡೆಯ ಎರಡರ ಪ್ರಕಾರವೂ ಗುಂಪು ಮಾಡಿದ್ದೀರಿ ಎಂದುಕೊಳ್ಳಿ. ಜಾಯಿಂಟ್ ಎಫ್‌ಡಿ ಇಬ್ಬರ ಕೆಳಗೂ ಬಂದು ಮೊತ್ತ 14,50,000 ಆಗುತ್ತದೆ. ಜಾಯಿಂಟ್ ಖಾತೆ ಎರಡು ಸಲ ಬಂತೆಂದು ಡಿಸ್ಟಿಂಕ್ಟ್ ಹಾಕಿದರೆ ಎರಡನೆಯ ಸಲ ಬಂದ ಜಾಯಿಂಟ್ ಎಫ್‌ಡಿಯ ಜೊತೆಗೆ ಜುಲೈನಲ್ಲಿ ತೆರೆದ ಎಫ್‌ಡಿಯೂ ಮಾಯ. ಎರಡೂ 4,00,000 ತಾನೇ. ಉಳಿದದ್ದು 6,50,000 ರೂ, 7,738 ಡಾಲರ್. ಮಿತಿಯ ಕೆಳಗೆ! ಎಫ್‌ಬಾರ್ ಬೇಕಿಲ್ಲ ಎಂದು ಆ್ಯಪ್ ಹೇಳುತ್ತದೆ. ನಿಜವಾದ ಉತ್ತರ 12,500 ಡಾಲರ್, ಸಲ್ಲಿಸಲೇಬೇಕು.

ಹಣಕಾಸಿನ ಲೆಕ್ಕದಲ್ಲಿ ದುಂಡು ಸಂಖ್ಯೆಗಳೇ ಹೆಚ್ಚು. ಒಂದೊಂದು ಲಕ್ಷದ ಐದು ಎಫ್‌ಡಿ, ತಿಂಗಳಿಗೆ ಹತ್ತು ಸಾವಿರದ ಎಸ್‌ಐಪಿ, ಒಂದೇ ಬಾಡಿಗೆ ಹನ್ನೆರಡು ಸಲ. ಆದ್ದರಿಂದ ಹಣ ಕೂಡಿಸುವಲ್ಲಿ ಡಿಸ್ಟಿಂಕ್ಟ್ ಕಂಡರೆ ಅನುಮಾನಪಡಿ.

ಸರಿಯಾದ ಮದ್ದು: ಒಳಗೊಂದು ಲೆಕ್ಕ, ಹೊರಗೊಂದು

ಮದುವೆ ಮನೆಗೆ ಮರಳಿದರೆ ಉತ್ತರ ಸರಳ. ಪುಸ್ತಕಗಳನ್ನು ಮೊದಲು ಸೇರಿಸಬೇಡಿ. ಮುಯ್ಯಿ ಪುಸ್ತಕದಲ್ಲೇ ಮನೆವಾರು ಮೊತ್ತ ಹಾಕಿ, ಊಟದ ಪುಸ್ತಕದಲ್ಲೇ ಮನೆವಾರು ತಲೆ ಎಣಿಸಿ. ಈಗ ಎರಡರಲ್ಲೂ ಮನೆಗೆ ಒಂದೇ ಸಾಲು. ಆಮೇಲೆ ಜೋಡಿಸಿ.

ಜ್ಯಾಂಗೋದಲ್ಲಿ ಇದಕ್ಕೆ ಬೇಕಾದ ಸಾಮಾನು 2017ರ 1.11 ಆವೃತ್ತಿಯಲ್ಲಿ ಬಂತು: ಸಬ್‌ಕ್ವೆರಿ, ಔಟರ್‌ರೆಫ್ ಮತ್ತು ಎಕ್ಸಿಸ್ಟ್ಸ್. ಔಟರ್‌ರೆಫ್ ಎಂದರೆ ಒಳಗಿನ ಕ್ವೆರಿಯಿಂದ ಹೊರಗಿನ ಸಾಲಿನತ್ತ ಬೆರಳು ತೋರಿಸುವುದು, 'ಈಗ ಯಾವ ಖಾತೆಯನ್ನು ನೋಡುತ್ತಿದ್ದೀಯೋ ಆ ಖಾತೆ' ಎಂದು. ಕ್ರಮ ಹೀಗೆ:

1. ಬಡ್ಡಿಗೆ ಒಂದು ಒಳ ಕ್ವೆರಿ. ಬಡ್ಡಿ ಟೇಬಲ್‌ನಿಂದ ಶುರು ಮಾಡಿ. ಖಾತೆ ಔಟರ್‌ರೆಫ್‌ಗೆ ಸಮ, ವರ್ಷ ಬೇಕಾದ ವರ್ಷ ಎಂದು ಫಿಲ್ಟರ್ ಹಾಕಿ. ವಿಂಗಡಣೆಯನ್ನು ಖಾಲಿ ಆರ್ಡರ್ ಬೈ ಕೊಟ್ಟು ತೆಗೆದುಹಾಕಿ. ವ್ಯಾಲ್ಯೂಸ್‌ನಲ್ಲಿ ಖಾತೆಯನ್ನು ಮಾತ್ರ ಇಟ್ಟು ಗುಂಪು ಮಾಡಿ, ಸಮ್ ಅನ್ನು ಆ್ಯನೊಟೇಟ್ ಮಾಡಿ, ಕೊನೆಗೆ ವ್ಯಾಲ್ಯೂಸ್‌ನಲ್ಲಿ ಆ ಮೊತ್ತವನ್ನು ಮಾತ್ರ ಉಳಿಸಿ.
2. ಶಿಲ್ಕಿಗೆ ಇದೇ ರೀತಿಯ ಇನ್ನೊಂದು ಒಳ ಕ್ವೆರಿ, ಸಮ್ ಬದಲು ಮ್ಯಾಕ್ಸ್.
3. ಒಡೆತನಕ್ಕೆ ಜಾಯಿನ್ ಬೇಡ, ಎಕ್ಸಿಸ್ಟ್ಸ್ ಹಾಕಿ. ನಮಗೆ ಬೇಕಿರುವುದು ಈ ಖಾತೆಗೆ ಇವರಲ್ಲಿ ಒಬ್ಬರಾದರೂ ಒಡೆಯರೇ ಎಂಬ ಹೌದು, ಇಲ್ಲ ಉತ್ತರ ಮಾತ್ರ. ಎಕ್ಸಿಸ್ಟ್ಸ್ ಸಾಲು ಹೆಚ್ಚಿಸುವುದಿಲ್ಲ.
4. ಖಾತೆ ಟೇಬಲ್‌ಗೆ ಮೊದಲೆರಡು ಒಳ ಕ್ವೆರಿಗಳನ್ನು ಸಬ್‌ಕ್ವೆರಿಯಾಗಿ ಆ್ಯನೊಟೇಟ್ ಮಾಡಿ. ಈಗ ಖಾತೆಗೆ ಒಂದೇ ಸಾಲು, ಸಾಲಿಗೆ ಎರಡು ಸಂಖ್ಯೆ.
5. ಎಲ್ಲಕ್ಕಿಂತ ಹೊರಗೆ ಅಗ್ರಿಗೇಟ್: ಗರಿಷ್ಠದ ಸಮ್, ಬಡ್ಡಿಯ ಸಮ್.

ಉತ್ತರ: 10,50,000 ಮತ್ತು 48,000. ಒಳಗಿನ ಲೆಕ್ಕ ಮುಗಿದು ಖಾತೆಗೊಂದು ಸಾಲಾದ ಮೇಲೆಯೇ ಹೊರಗಿನ ಲೆಕ್ಕ ಶುರುವಾಗುತ್ತದೆ.

ಎಡವುವ ಜಾಗಗಳು

ಒಳ ಕ್ವೆರಿಯಲ್ಲಿ ಅಗ್ರಿಗೇಟ್ ಮೆಥಡ್ ಕರೆಯಬಾರದು. ಅದು ಕ್ವೆರಿಯನ್ನು ಆ ಕ್ಷಣವೇ ಓಡಿಸಲು ಹೋಗುತ್ತದೆ, ಔಟರ್‌ರೆಫ್ ಬೆರಳು ತೋರಿಸುವ ಹೊರಗಿನ ಸಾಲು ಆಗ ಇರುವುದೇ ಇಲ್ಲ, ಎರರ್ ಬರುತ್ತದೆ. ಅದಕ್ಕೇ ವ್ಯಾಲ್ಯೂಸ್, ಆ್ಯನೊಟೇಟ್, ಮತ್ತೆ ವ್ಯಾಲ್ಯೂಸ್ ಎಂಬ ಸುತ್ತಿನ ದಾರಿ.

ವಿಂಗಡಣೆ ತೆಗೆಯಲು ಹೇಳಿದ್ದಕ್ಕೂ ಕಾರಣವಿದೆ. ದಿನಾಂಕದ ಪ್ರಕಾರ ವಿಂಗಡಿಸಿದ್ದರೆ ದಿನಾಂಕವೂ ಗುಂಪಿನೊಳಗೆ ನುಸುಳುತ್ತದೆ. ಖಾತೆಗೊಂದು ಮೊತ್ತ ಬರಬೇಕಾದಲ್ಲಿ ದಿನಕ್ಕೊಂದು ಮೊತ್ತ ಬರುತ್ತದೆ. ಮಾಡೆಲ್‌ನ ಮೆಟಾದಲ್ಲಿ ಬರೆದ ವಿಂಗಡಣೆ ಹೀಗೆ ನುಸುಳುವುದನ್ನು ಜ್ಯಾಂಗೋ 3.1ರಲ್ಲಿ ನಿಲ್ಲಿಸಿದರು. ನಾವೇ ಕೈಯಾರೆ ಹಾಕಿದ ಆರ್ಡರ್ ಬೈ ಈಗಲೂ ನುಸುಳುತ್ತದೆ.

ಬಡ್ಡಿಯೇ ಬರದ ಖಾತೆಗೆ ಸಬ್‌ಕ್ವೆರಿ ಸೊನ್ನೆ ಕೊಡುವುದಿಲ್ಲ, ನಲ್ ಕೊಡುತ್ತದೆ. ಮೊತ್ತ ಹಾಕುವಾಗ ಸಮ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ತೊಂದರೆ ಇಲ್ಲ. ಆದರೆ ಖಾತೆಯ ಸಾಲಿನಲ್ಲಿ ಅಸಲು ಮತ್ತು ಬಡ್ಡಿ ಕೂಡಿಸಲು ಹೋದರೆ ಇಡೀ ಉತ್ತರವೇ ನಲ್ ಆಗಿ, ಆ ಖಾತೆ ಒಟ್ಟು ಮೊತ್ತದಿಂದ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಕೋಅಲೆಸ್ ಬಳಸಿ ಸೊನ್ನೆ ತುಂಬಿ.

ವರ್ಷದ ಫಿಲ್ಟರ್ ಒಳ ಕ್ವೆರಿಯೊಳಗೇ ಇರಲಿ. ಅದನ್ನು ಹೊರಗೆ ಹಾಕಿದರೆ ಹಳೆಯ ಜಾಯಿನ್ ಹಿಂಬಾಗಿಲಿನಿಂದ ಮತ್ತೆ ಬರುತ್ತದೆ.

ಒಂದು ಸಮ್‌ನೊಳಗೆ ನೇರವಾಗಿ ಮ್ಯಾಕ್ಸ್ ಬರೆಯಬಹುದಲ್ಲ ಎಂದು ಕೇಳಬಹುದು. ಪೋಸ್ಟ್‌ಗ್ರೆಸ್ ಅದನ್ನು ಒಪ್ಪುವುದಿಲ್ಲ, ಅಗ್ರಿಗೇಟ್‌ನೊಳಗೆ ಅಗ್ರಿಗೇಟ್ ಕೂಡದು ಎನ್ನುತ್ತದೆ. ಎಸ್‌ಕ್ಯೂಎಲ್ ಸರ್ವರ್ ಅಂತೂ ಸಮ್‌ನೊಳಗೆ ಸಬ್‌ಕ್ವೆರಿ ಇಟ್ಟರೂ ನಿರಾಕರಿಸುತ್ತದೆ. ಅದಕ್ಕಾಗಿ ಒಳಗಿನ ಇಡೀ ಕ್ವೆರಿಯನ್ನು ಒಂದು ತಾತ್ಕಾಲಿಕ ಟೇಬಲ್ ಎಂಬಂತೆ ಫ್ರಮ್ ಭಾಗದಲ್ಲಿ ಇಟ್ಟು, ಅದರ ಮೇಲೆ ಸಮ್ ಓಡಿಸಬೇಕು.

ದುಭಾಷಿಯೂ ಬದಲಾಗುತ್ತಾನೆ

ಹೀಗೆ ಫ್ರಮ್ ಭಾಗದಲ್ಲಿ ಯಾವಾಗ ಸುತ್ತಬೇಕು, ಯಾವಾಗ ಬೇಡ ಎಂಬುದು ಒಆರ್‌ಎಂ ಬರೆಯುವವರಿಗೂ ಕಷ್ಟದ ಪ್ರಶ್ನೆ. 2023ರ ಏಪ್ರಿಲ್‌ನಲ್ಲಿ ಬಂದ ಜ್ಯಾಂಗೋ 4.2ರಲ್ಲಿ, ಅಂತಿಮ ಮೊತ್ತಕ್ಕೆ ಬೇಕಿಲ್ಲದ ಆ್ಯನೊಟೇಶನ್‌ಗಳನ್ನು ಕ್ವೆರಿಯಿಂದ ತೆಗೆದುಹಾಕುವ ಸುಧಾರಣೆ ಮಾಡಿದರು. ಕ್ವೆರಿಗಳು ಹಗುರಾದವು. ಆದರೆ ಸಬ್‌ಕ್ವೆರಿ ಇರುವ ಆ್ಯನೊಟೇಶನ್ ಮೇಲೆ ಅಗ್ರಿಗೇಟ್ ಹಾಕುವ ಕೆಲವು ಕ್ವೆರಿಗಳು ಕ್ರ್ಯಾಶ್ ಆಗತೊಡಗಿ, ನಂತರದ ತಿದ್ದುಪಡಿ ಆವೃತ್ತಿಗಳಲ್ಲಿ ಸರಿಪಡಿಸಬೇಕಾಯಿತು. ಕ್ರ್ಯಾಶ್ ಆದದ್ದು ಒಂದು ರೀತಿಯಲ್ಲಿ ವಾಸಿ, ಗೊತ್ತಾದರೂ ಆಗುತ್ತದೆ.

ಬೇರೆ ಒಆರ್‌ಎಂ ಬಳಸುವವರು ನಿರಾಳರಾಗಬೇಕಿಲ್ಲ. ಜಾವಾದ ಹೈಬರ್ನೇಟ್‌ನ ಕ್ವೆರಿ ಭಾಷೆಯಲ್ಲಿ ಫ್ರಮ್ ಭಾಗದ ಸಬ್‌ಕ್ವೆರಿಗೆ 2022ರ 6.1 ಆವೃತ್ತಿಯವರೆಗೆ ಕಾಯಬೇಕಾಯಿತು. ಪೈಥಾನ್‌ನ ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಸಬ್‌ಕ್ವೆರಿಯನ್ನು ನಾವೇ ಹೆಸರಿಟ್ಟು ಕಟ್ಟಬಹುದು, ಆದ್ದರಿಂದ ಏನಾಗುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಸಾಲುಗಳು ಗುಣಿಸಿಕೊಳ್ಳುವುದು ಜಾಯಿನ್‌ನ ಗುಣ. ಯಾವ ದುಭಾಷಿ ಬಂದರೂ ಅದು ಹೋಗುವುದಿಲ್ಲ.

ಯಾವುದಕ್ಕೆ ಒಂದು ಸಾಲು?

ಇಲ್ಲಿಯವರೆಗಿನದು ತಂತ್ರ. ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ವರದಿಯಲ್ಲಿ ಒಂದು ಸಾಲು ಎಂದರೆ ಏನು? ಖಾತೆಯೋ, ವ್ಯಕ್ತಿಯೋ, ಮನೆಯೋ? ಇದನ್ನು ಒಆರ್‌ಎಂ ನಿರ್ಧರಿಸುವುದಿಲ್ಲ, ಕಾನೂನು ನಿರ್ಧರಿಸುತ್ತದೆ.

ಎಫ್‌ಬಾರ್‌ನ ಮಿತಿ ವ್ಯಕ್ತಿಗೆ. ಜಾಯಿಂಟ್ ಖಾತೆಯ ಪೂರ್ತಿ ಮೌಲ್ಯವನ್ನು ಇಬ್ಬರೂ ತಮ್ಮ ತಮ್ಮ ಲೆಕ್ಕಕ್ಕೆ ಹಿಡಿಯಬೇಕು, ಅರ್ಧರ್ಧವಲ್ಲ. ನಮ್ಮ ಉದಾಹರಣೆಯಲ್ಲಿ ಹೆಂಡತಿಯದು 12,500 ಡಾಲರ್, ಸಲ್ಲಿಸಬೇಕು. ಗಂಡನದು ಜಾಯಿಂಟ್ ಎಫ್‌ಡಿಯ 4,00,000 ರೂ, 4,762 ಡಾಲರ್. ಬೇರೆ ವಿದೇಶಿ ಖಾತೆ ಇಲ್ಲದಿದ್ದರೆ ಅವರು ಸಲ್ಲಿಸಬೇಕಿಲ್ಲ. ಆದ್ದರಿಂದ ಎಫ್‌ಬಾರ್ ಕ್ವೆರಿಯನ್ನು ಒಬ್ಬೊಬ್ಬರಿಗೂ ಬೇರೆಯಾಗಿ ಓಡಿಸಿ, ಎಕ್ಸಿಸ್ಟ್ಸ್‌ನಲ್ಲಿ ಒಬ್ಬರ ಹೆಸರು ಮಾತ್ರ ಇಟ್ಟು.

ತೆರಿಗೆ ರಿಟರ್ನ್ ಜೊತೆ ಹೋಗುವ ಫಾರ್ಮ್ 8938ಕ್ಕೆ ಲೆಕ್ಕ ಬೇರೆ. ಇಲ್ಲೇ ವಾಸಿಸುವ, ಜಂಟಿ ರಿಟರ್ನ್ ಸಲ್ಲಿಸುವ ದಂಪತಿಗೆ ಅದರ ಮಿತಿ ವರ್ಷದ ಕೊನೆಯ ದಿನ 1,00,000 ಡಾಲರ್ ಅಥವಾ ವರ್ಷದ ಯಾವುದೇ ಸಮಯ 1,50,000 ಡಾಲರ್. ಅಲ್ಲಿ ಗಂಡ ಹೆಂಡಿರ ಜಾಯಿಂಟ್ ಖಾತೆ ಒಂದೇ ಸಲ ಬರಬೇಕು. ಒಂದೇ ಎಫ್‌ಡಿ ಒಂದು ಫಾರ್ಮ್‌ನಲ್ಲಿ ಇಬ್ಬರ ಕೆಳಗೂ ಪೂರ್ತಿಯಾಗಿ, ಇನ್ನೊಂದರಲ್ಲಿ ಇಬ್ಬರಿಗೂ ಸೇರಿ ಒಮ್ಮೆ. ಎರಡಕ್ಕೂ ಒಂದೇ ಕ್ವೆರಿ ಸಾಲದು.

ಕಾನೂನೇ ಬಯಸುವ ಇಮ್ಮಡಿ ಎಣಿಕೆಯೂ ಇದೆ. ಮಾರ್ಚ್‌ನಲ್ಲಿ ಉಳಿತಾಯ ಖಾತೆಯಿಂದ 3,00,000 ತೆಗೆದು ಎಫ್‌ಡಿ ಇಟ್ಟರೆ, ಗರಿಷ್ಠಗಳನ್ನು ಕೂಡಿಸುವಾಗ ಅದೇ ಹಣ ಎರಡೂ ಖಾತೆಗಳಲ್ಲಿ ಬರುತ್ತದೆ. ಇದು ದೋಷವಲ್ಲ, ಫಾರ್ಮ್ ಪ್ರತಿ ಖಾತೆಯ ಗರಿಷ್ಠವನ್ನು ಕೇಳುವುದರಿಂದ ಹಾಗೆ. ಯಾವ ಪುನರಾವರ್ತನೆ ನಿಯಮದಿಂದ ಬಂದದ್ದು, ಯಾವುದು ಜಾಯಿನ್‌ನಿಂದ ಬಂದದ್ದು ಎಂದು ಬೇರೆ ಮಾಡಲು ಬಂದರೆ ಈ ವಿಷಯದಲ್ಲಿ ಮುಕ್ಕಾಲು ಕಲಿತಂತೆ.

ಎಣಿಕೆಯ ಘಟಕ ಯಾವುದು ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟ್ ತನಕವೂ ಹೋಗಿದೆ. ಅಲೆಕ್ಸಾಂಡ್ರು ಬಿಟ್ನರ್ ರೊಮೇನಿಯಾದಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾದವರು. 1990ರಲ್ಲಿ ಹುಟ್ಟೂರಿನ ದೇಶಕ್ಕೆ ಮರಳಿದರು, ವಿದೇಶಿ ಖಾತೆಗಳ ವರದಿ ಕೊಡಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. 2007ರಿಂದ 2011ರವರೆಗಿನ ಐದು ವರ್ಷಗಳಿಗೆ ಸರ್ಕಾರ ದಂಡ ಹಾಕಿತು. ಉದ್ದೇಶಪೂರ್ವಕವಲ್ಲದ ತಪ್ಪಿಗೆ ಕಾನೂನಿನಲ್ಲಿ ಬರೆದಿದ್ದ ದಂಡ ಗರಿಷ್ಠ 10,000 ಡಾಲರ್ (ಈಗ ಹಣದುಬ್ಬರಕ್ಕೆ ತಕ್ಕಂತೆ ಏರಿದೆ). ಆದರೆ ಯಾವುದಕ್ಕೆ 10,000? ಸರ್ಕಾರ ವರ್ಷವಾರು ಖಾತೆಗಳನ್ನು ಎಣಿಸಿ 272 ಎಂದಿತು, 27,20,000 ಡಾಲರ್ ಕೇಳಿತು. ಬಿಟ್ನರ್ ವರದಿಗಳನ್ನು ಎಣಿಸಿ ಐದು ಎಂದರು, 50,000 ಡಾಲರ್. 2023ರ ಫೆಬ್ರುವರಿ 28ರಂದು ಕೋರ್ಟ್ 5-4 ಬಹುಮತದಲ್ಲಿ ದಂಡ ವರದಿಗೆ, ಖಾತೆಗಲ್ಲ ಎಂದು ತೀರ್ಪು ಕೊಟ್ಟಿತು. ಸಾಲು ಯಾವುದು ಎಂಬ ಒಂದೇ ಪ್ರಶ್ನೆಯ ಮೇಲೆ ಇಪ್ಪತ್ತಾರು ಲಕ್ಷ ಎಪ್ಪತ್ತು ಸಾವಿರ ಡಾಲರ್ ನಿಂತಿತ್ತು.

ತಾಳೆ ನೋಡದೆ ಸಹಿ ಬೇಡ

ಕಿರ್ದಿ, ಖಾತೆ ಬರೆಯುತ್ತಿದ್ದ ನಮ್ಮ ಹಿರಿಯರು ದಿನದ ಕೊನೆಗೆ ಶಿಲ್ಕು ತಾಳೆ ನೋಡದೆ ಪುಸ್ತಕ ಮುಚ್ಚುತ್ತಿರಲಿಲ್ಲ. ಒಆರ್‌ಎಂಗೂ ಅದೇ ಶಿಸ್ತು ಬೇಕು. ಮೂರು ಪರೀಕ್ಷೆ ಸಾಕು, ಮೂರನ್ನೂ ಆಟೊಮ್ಯಾಟಿಕ್ ಟೆಸ್ಟ್ ಆಗಿ ಬರೆದಿಡಿ.

ಮೊದಲನೆಯದು ಸಾಲಿನ ಲೆಕ್ಕ. ಎಲ್ಲ ಆ್ಯನೊಟೇಶನ್ ಹಾಕಿದ ಮೇಲೂ ಸಾಲುಗಳ ಸಂಖ್ಯೆ ಖಾತೆಗಳ ಸಂಖ್ಯೆಗೆ ಸಮ ಇರಬೇಕು. ಆದರೆ ಇದೊಂದೇ ಸಾಲದು. ಮೊದಲ ತಪ್ಪು ಕ್ವೆರಿಯಲ್ಲೂ ಗುಂಪು ಮಾಡಿದ ಮೇಲೆ ಮೂರೇ ಸಾಲು ಇದ್ದವು, 156 ಸಾಲುಗಳು ಒಳಗೆ ಅಡಗಿದ್ದವು.

ಎರಡನೆಯದು ಒಂಟಿ ಟೇಬಲ್‌ನ ಮೊತ್ತ. ಯಾವ ಜಾಯಿನ್ ಇಲ್ಲದೆ ಬಡ್ಡಿ ಟೇಬಲ್ ಒಂದನ್ನೇ ಆ ವರ್ಷಕ್ಕೆ ಕೂಡಿಸಿ, ವರದಿಯ ಬಡ್ಡಿ ಅದಕ್ಕೆ ಪೈಸೆ ಬಿಡದೆ ಸಮ ಇರಬೇಕು. 8,28,000 ಇಲ್ಲಿ ಸಿಕ್ಕಿಬೀಳುತ್ತದೆ, 15,500 ಕೂಡ. ಟೆಸ್ಟ್ ಡೇಟಾದಲ್ಲಿ ಬೇಕೆಂದೇ ಒಂದೇ ಮೊತ್ತದ ಎರಡು ಎಫ್‌ಡಿ, ಒಂದು ಜಾಯಿಂಟ್ ಖಾತೆ, ಬಡ್ಡಿ ಬರದ ಒಂದು ಖಾತೆ ಇಡಿ.

ಮೂರನೆಯದು ಹೊರಗಿನ ಕಾಗದ. ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ತರಿಸಿಕೊಳ್ಳಿ. ಎನ್‌ಆರ್‌ಒ ಬಡ್ಡಿಗೆ ಬ್ಯಾಂಕ್ ಟಿಡಿಎಸ್ ಮುರಿಯುವುದರಿಂದ ಅದು ಫಾರ್ಮ್ 26ಎಎಸ್‌ನಲ್ಲೂ ಕಾಣುತ್ತದೆ. ಭಾರತದ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್, ಇಲ್ಲಿಯದು ಜನವರಿಯಿಂದ ಡಿಸೆಂಬರ್. ಆದ್ದರಿಂದ ತ್ರೈಮಾಸಿಕವಾಗಿ ಹೋಲಿಸಿ, ಇಡೀ ವರ್ಷದ ಮೊತ್ತವನ್ನಲ್ಲ.

ಇದು ತೆರಿಗೆ ಸಲಹೆಯಲ್ಲ, ನಿಮ್ಮ ಸಂದರ್ಭಕ್ಕೆ ಸಿಪಿಎ ಅವರನ್ನು ಕೇಳಿ. ಆದರೆ ಅವರ ಕೈಗೆ ಕೊಡುವ ಸಂಖ್ಯೆಯ ಹೊಣೆ ನಿಮ್ಮದೇ. ಕೊಡುವ ಮೊದಲು ಆ ಕ್ವೆರಿಯ ಎಸ್‌ಕ್ಯೂಎಲ್ ಅನ್ನು ಪರದೆಗೆ ಮುದ್ರಿಸಿ ಒಮ್ಮೆ ಓದಿ. ಸಮ್ ಎಂಬ ಪದದ ಒಳಸುತ್ತಿನಲ್ಲಿ ಎಷ್ಟು ಜಾಯಿನ್‌ಗಳಿವೆ ಎಂದು ಎಣಿಸಿ. ಒಂದು ಖಾತೆಗೆ ಹಲವು ಸಾಲು ತರುವ ಜಾಯಿನ್ ಎರಡು ಕಂಡರೆ ಸಹಿ ಹಾಕಬೇಡಿ, ಮೊದಲು ಅವನ್ನು ಸಬ್‌ಕ್ವೆರಿಗಳಾಗಿ ಒಡೆಯಿರಿ.